ಗಿಟಾರಿಗೊಂದು ಪಿಕಪ್, ಮನೆಯಲ್ಲೊಂದು ಗುಮಾನಿ

ಮಾರ್ಚ್ 3, ಸೋಮವಾರ

ಮದುವೆಯಾಗಿ ಆರು ವಾರ, ಒಂದು ದಿನ. ಹೀಗೆ ಎಣಿಸುವುದು ಹುಚ್ಚು ಅಂತ ಗೊತ್ತು, ಆದರೆ ಯಾರೂ ಓದದ ಪುಸ್ತಕದಲ್ಲೂ ಹುಚ್ಚಾಗಿರಬಾರದು ಅಂದರೆ ಹೇಗೆ? ನನ್ನ ಗಂಡನಿಗೆ ಈ ಪುಸ್ತಕದಲ್ಲಿ ಸಾಹೇಬರು ಅಂತಲೇ ಹೆಸರು. ಊರಿನ ಲಿಫ್ಟುಗಳೆಲ್ಲ ಸಾಹೇಬರು ಬಂದು, ಬಾಗಿಲಿಗೆ ಅಂಗೈ ಇಟ್ಟು, ಸರಿ ಇದೆ ಅಂದಮೇಲೆಯೇ ಮೇಲೆ ಹೋಗಬೇಕು. ಅಂಥ ತಪಾಸಣಾಧಿಕಾರಿ. ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಏನಾದರೂ ಹೇಳಿದರೆ ಬಾಯಿಂದ ಬ್ರಷ್ ತೆಗೆಸಿ, ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, "ಈಗ ಹೇಳು" ಅನ್ನುತ್ತಾರೆ. ನಾನು ಮಾತಾಡುವಷ್ಟು ಹೊತ್ತೂ ಮುಖದಿಂದ ಕಣ್ಣು ಕೀಳುವುದಿಲ್ಲ. ನನ್ನ ಗೆಳತಿಯರ ಗಂಡಂದಿರು ಫೋನು ನೋಡುತ್ತಾ ಹೂಂಗುಟ್ಟುತ್ತಾರಂತೆ. ಆಮೇಲೆ ಸಾಹೇಬರು ತಾವೇ ಕಾಫಿ ಮಾಡಿ ತರುತ್ತಾರೆ, ನಾನು ಚೆನ್ನಾಗಿದೆ ಅನ್ನುತ್ತೇನೆ. ನಾನೆಂಥ ಪುಣ್ಯವಂತೆ.

ಇಂಥ ಸುಖದ ನಡುವೆ ಗಿಟಾರ್ ಕೈಕೊಟ್ಟಿತು. ಪಿಟೀಲಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತಿದ್ದೆವು. ನಮ್ಮ ತಂಡ ಅಂದರೆ ಮೂರೇ ಜನ: ಪಿಟೀಲು ಬಾರಿಸುವ, ಎಲ್ಲರನ್ನೂ ಗದರಿಸುವ ಅಕ್ಕ, ಹಾಡುವ ಗಡ್ಡ, ಮತ್ತು ನಾನು. ಎರಡನೇ ಹಾಡಿನ ಹೊತ್ತಿಗೆ ಸ್ಪೀಕರಿನಿಂದ ಮೂರು ತಂತಿಯ ದನಿ ಮಾತ್ರ ಬರುತ್ತಿತ್ತು. ಆಮೇಲೆ ಅದೂ ಹೋಗಿ ಬರೀ ಚರಚರ.

"ಮದುವೆ ಆದ್ಮೇಲೆ ಗಿಟಾರೂ ಹೊಸ ಸೊಸೆ ಆಗ್ಬಿಟ್ಟಿದೆ ನೋಡು, ಬಾಯೇ ಬಿಡ್ತಿಲ್ಲ," ಅಂದ ಗಡ್ಡ.

ಪಿಟೀಲಕ್ಕ ನಗಲಿಲ್ಲ. "ಇಪ್ಪತ್ತಾರಕ್ಕೆ ಹೋಟೆಲ್ ಮ್ಯಾನೇಜರ್ ನಮ್ಮನ್ನ ಕೇಳೋಕೆ ಕೂರ್ತಾರೆ. ಒಪ್ಪಿದ್ರೆ ವಾರಕ್ಕೆ ಮೂರು ಸಂಜೆ, ಒಂದು ವರ್ಷ. ಆ ಲಾಬಿಯಲ್ಲಿ ತಟ್ಟೆ ಸದ್ದು, ಮಕ್ಕಳ ಸದ್ದು. ಸ್ಪೀಕರಿಗೆ ಹಾಕ್ದೆ ನಿನ್ನ ಗಿಟಾರ್ ನಿನಗೇ ಕೇಳ್ಸಲ್ಲ. ಅಷ್ಟರೊಳಗೆ ಸರಿಮಾಡಿಸ್ಕೊ. ಇಲ್ದಿದ್ರೆ ಕನ್ನಡಕದವನನ್ನ ಕರೀಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ."

ಕನ್ನಡಕದವನು ಚೆನ್ನಾಗಿ ನುಡಿಸುತ್ತಾನೆ. ಬೇಜಾರಿರುವುದೇ ಅದಕ್ಕೆ.

ಸಾಹೇಬರು ಬಂದ ಕೂಡಲೇ ಅವರ ಎದೆಗೆ ಒರಗಿ ಎಲ್ಲ ಹೇಳಿಕೊಂಡೆ. ಅವರು ನನ್ನ ತಲೆ ಎತ್ತಿ ಎದುರಿಗೆ ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಅಂದರು. ದುಃಖವನ್ನು ಎರಡು ಸಲ ಕೇಳುವ ಗಂಡ ಯಾರಿಗೆ ಸಿಗುತ್ತಾನೆ.

ಮಾರ್ಚ್ 4, ಮಂಗಳವಾರ

ಗಿಟಾರ್ ಮೇಸ್ತ್ರಿಯ ಅಂಗಡಿ ಚಪ್ಪಲಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿದೆ. ಗೋಡೆ ತುಂಬ ಕತ್ತಿಗೆ ಹಗ್ಗ ಬಿಗಿದ ಗಿಟಾರುಗಳು ನೇತಾಡುತ್ತವೆ. ಕಾಲಡಿ ಮರದ ಹೊಟ್ಟು, ಮೂಗಿಗೆ ಅಂಟಿನ ವಾಸನೆ. ಮೇಸ್ತ್ರಿಗೆ ಅರವತ್ತರ ಮೇಲಾಗಿರಬೇಕು, ಹಣೆಯ ಮೇಲೊಂದು ಭೂತಗನ್ನಡಿ. ನಾನು ಎರಡು ಮಾತು ಹೇಳುವಷ್ಟರಲ್ಲಿ ತಂತಿ ಸಡಿಲಿಸಿ ನೋಡಿ, "ಪಿಕಪ್ ಸತ್ತಿದೆ, ಬೇರೆ ಹಾಕ್ಬೇಕು" ಅಂದುಬಿಟ್ಟ. ಇಷ್ಟು ಬೇಗ ಹೇಗೆ ಗೊತ್ತಾಯಿತು? ಡಾಕ್ಟರೂ ನಾಲಿಗೆ ಚಾಚಲು ಹೇಳುತ್ತಾರಲ್ಲ.

ಅವನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ನಾಳೆ ಮಾತು ಬದಲಿಸಿದರೆ ಹಿಡಿಯಬೇಕಲ್ಲ. ಗಿಟಾರಿನ ದನಿಯನ್ನು ಸ್ಪೀಕರಿಗೆ ಹೊತ್ತುಹಾಕುವ ಕೂಲಿಯೇ ಪಿಕಪ್. ನನ್ನದಕ್ಕೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು ಪಟ್ಟಿ. ತಂತಿಗಳು ಕೂರುವ ಬಿಳಿ ಮೂಳೆಯ ಕೆಳಗೆ ತೆಳ್ಳಗೆ ಮಲಗಿರುತ್ತದೆ. ಸತ್ತಿರುವುದೂ ಇದೇ ಜಾತಿ. ದನಿ ಸ್ಪಷ್ಟ, ಆದರೆ ಮೇಲಿನ ಸ್ವರಗಳಲ್ಲಿ ಸ್ವಲ್ಪ ಕಿರುಗುಟ್ಟುತ್ತದೆ, ಹಿಂದೆ ಸಣ್ಣಗೆ ಬುಸ್ ಅನ್ನುತ್ತದೆ. ಎರಡನೆಯದು ಅಯಸ್ಕಾಂತ. ಗಿಟಾರಿನ ಬಾಯಿಗೆ ಅಡ್ಡ ಸಿಕ್ಕಿಸುವುದು. ಕೆಳಗಿನ ಸ್ವರ ದಪ್ಪ, ಬೆಚ್ಚಗೆ, ಮೇಲಿನದು ಮಂಕು. ಮೂರನೆಯದು ಬಿಲ್ಲೆ. ಮರದ ಒಳಮೈಗೆ ಅಂಟಿಸುವ ಪುಟ್ಟ ಬಿಲ್ಲೆಗಳು. ತಂತಿಯನ್ನಷ್ಟೇ ಅಲ್ಲ, ಉಗುರು ತಾಗಿದ್ದು, ತೋಳು ಉಜ್ಜಿದ್ದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

"ಯಾವ್ದು ಒಳ್ಳೇದು?" ಅಂದೆ.

"ನಿಮ್ಗೆ ಯಾವ್ದು ಕಿವಿಗೆ ಹಿಡಿಸುತ್ತೋ ಅದು."

ತನ್ನ ಮೇಲೆ ಏನೂ ಹಾಕಿಕೊಳ್ಳದ ಮಾತು. ಗಿಟಾರ್ ವಾಪಸ್ ಎತ್ತಿಕೊಂಡು ಬಂದೆ.

ಸಾಹೇಬರಿಗೆ ಇವತ್ತು ಹಳೇ ಲಿಫ್ಟೊಂದರ ತಪಾಸಣೆ, ಬರುವುದು ತಡ. ಪಾಪ, ಇನ್ನು ಕೆಲವು ಮಂಗಳವಾರ ಹೀಗೇ ಅಂತೆ.

ಮಾರ್ಚ್ 6, ಗುರುವಾರ

ಗಡ್ಡ ಫೋನಿನಲ್ಲಿ ಹೆದರಿಸಿದ. ರಿಪೇರಿಗೆ ಕೊಟ್ಟ ಗಿಟಾರಿನ ಒಳಗಿನ ಒಳ್ಳೇ ಭಾಗ ಬಿಚ್ಚಿಕೊಂಡು ಕಳಪೆ ಮಾಲು ತುಂಬುವವರು ಇದ್ದಾರಂತೆ. ಅವನ ಚಿಕ್ಕಪ್ಪನ ಗಡಿಯಾರಕ್ಕೆ ಹಾಗೇ ಆಗಿತ್ತಂತೆ. ಗಡಿಯಾರಕ್ಕೂ ಗಿಟಾರಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಗಿಟಾರಿನ ಬಾಯೊಳಗೆ ಕೈ ತೂರಿಸಿ, ಒಳಗಿದ್ದ ಕಪ್ಪು ಡಬ್ಬಿಯ ಮೇಲೆ ಗುಲಾಬಿ ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ. ಮುಟ್ಟಿದರೆ ಗೊತ್ತಾಗಬೇಕು. ಇಂಥ ಬುದ್ಧಿ ನನಗೆ ಶಾಲೆಯಲ್ಲಿದ್ದಾಗ ಇರಲಿಲ್ಲ.

ಆಮೇಲೆ ಹೋಗಿ ಗಿಟಾರ್ ಬಿಟ್ಟು ಬಂದೆ. ಮೊದಲು ಪಟ್ಟಿ ಹಾಕಿ ಕೊಡುತ್ತಾನೆ, ಜೊತೆಗೆ ಅಯಸ್ಕಾಂತವನ್ನು ಎರವಲು ಕೊಡುತ್ತಾನೆ. ಮನೆಯಲ್ಲಿ ಎರಡನ್ನೂ ಕೇಳಿ ನೋಡಬೇಕಂತೆ. ಇಷ್ಟು ಔದಾರ್ಯ ಯಾಕೆ?

ಮಾರ್ಚ್ 10, ಸೋಮವಾರ

ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಆದರೂ ಬರೆಯುತ್ತೇನೆ.

ಗಿಟಾರ್ ತರಲು ಹೋದವಳು ಅಂಗಡಿಯಲ್ಲೇ ಟಾರ್ಚ್ ಹಾಕಿ ಒಳಗೆ ನೋಡಿದೆ. ಗುಲಾಬಿ ಚುಕ್ಕೆ ಇಲ್ಲ. ಇಬ್ಬರು ಗಿರಾಕಿಗಳ ಎದುರಿಗೇ, "ನನ್ನ ಡಬ್ಬಿ ಎಲ್ಲಿ?" ಅಂದೆ. ಮೇಸ್ತ್ರಿ ಮೇಜಿನ ಕೆಳಗಿನ ಕಸದ ತೊಟ್ಟಿ ಎಳೆದು, ಮರದ ಪುಡಿಯೊಳಗೆ ಕೈಯಾಡಿಸಿ, ಗುಲಾಬಿ ಚುಕ್ಕೆಯಿದ್ದ ಒಂದು ಚೌಕ ವಸ್ತುವನ್ನು ನನ್ನ ಅಂಗೈ ಮೇಲಿಟ್ಟ.

"ಹಳೇ ಬ್ಯಾಟರಿ. ಸತ್ತಿತ್ತು, ಹೊಸದು ಹಾಕಿದೀನಿ. ಗುರುತು ಮಾಡೋದಾದ್ರೆ ಮುಂದಿನ ಸಲ ಮರಕ್ಕೆ ಮಾಡಿ ತಾಯಿ. ಅದನ್ನ ನಾನು ಬದಲಾಯಿಸಲ್ಲ."

ಗಿರಾಕಿಗಳು ನಕ್ಕರು. ನಾನೂ ನಕ್ಕೆ, ನನ್ನದೇ ನಗು ಪರಕೀಯವಾಗಿ ಕೇಳಿಸಿತು. ಆದರೂ ಒಂದು ಮಾತು: ಬ್ಯಾಟರಿ ಬದಲಾಯಿಸುವ ಮುಂಚೆ ನನ್ನನ್ನು ಕೇಳಬಹುದಿತ್ತು.

ಸಾಹೇಬರಿಗೆ ಈ ಕಥೆ ಹೇಳಲಿಲ್ಲ. ಮೊದಲ ಸಲ ಒಂದು ವಿಷಯ ಹೇಳದೆ ಬಿಟ್ಟೆ.

ಮಾರ್ಚ್ 11, ಮಂಗಳವಾರ

ಬೆಳಗ್ಗೆ ಪುಟ್ಟ ಆಂಪ್ಲಿಫೈಯರಿಗೆ ಗಿಟಾರ್ ಹಾಕಿದೆ. ಪಟ್ಟಿ ಒಳ್ಳೇ ದನಿ ಕೊಡುತ್ತದೆ, ಆದರೆ ಮೇಲಿನ ಸ್ವರದ ಗುಂಡಿ ತಿರುಗಿಸಿದರೆ ಹಾವಿನ ಹಾಗೆ ಬುಸ್. ಎಷ್ಟರವರೆಗೆ ಹೋಗುತ್ತದೆ ನೋಡೋಣ ಅಂತ ಪೂರ್ತಿ ತಿರುಗಿಸಿದೆ. ನನ್ನ ಹಲ್ಲು ಜುಂ ಅಂದಿತು. ಅದರ ಪಕ್ಕದ ಕುರ್ಚಿಯಲ್ಲೇ ಸಾಹೇಬರು ಪೇಪರ್ ಓದುತ್ತಾ ಕೂತಿದ್ದರು, ಮುಖದಲ್ಲಿ ಒಂದು ಸುಕ್ಕೂ ಇಲ್ಲದೆ. ಕತ್ತೆತ್ತಿ ನನ್ನನ್ನು ನೋಡಿ, "ಚೆನ್ನಾಗಿದೆ" ಅಂದರು.

ಚೆನ್ನಾಗಿದೆ. ಇದು ಚೆನ್ನಾಗಿದೆಯಾ? ಮನಸ್ಸು ಇಲ್ಲಿದ್ದವರು ಹೇಳುವ ಮಾತಲ್ಲ.

ಅವರು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ಫೋನ್ ಬೆಳಗಿತು. ನಾನು ಎತ್ತಲಿಲ್ಲ, ಬರೀ ಬಗ್ಗಿದೆ. "ಇವತ್ತು ಬರದಿದ್ರೂ ಪರವಾಗಿಲ್ಲ, ಮುಂದಿನ ಮಂಗಳವಾರ ನಾಲ್ಕೂವರೆಗೆ ಖಂಡಿತ ಬನ್ನಿ. ಈ ಸಲ ತಪ್ಪಿಸಿಕೊಳ್ಳಬೇಡಿ." ಕಳಿಸಿದವರ ಹೆಸರಿದ್ದ ಕಡೆ: ಮೂರನೇ ಮಹಡಿ.

ಲಿಫ್ಟಿನವರು ಎಲ್ಲವನ್ನೂ ಮಹಡಿ ಲೆಕ್ಕದಲ್ಲೇ ಬರೆದುಕೊಳ್ಳುತ್ತಾರೇನೋ. ಇರಬಹುದು. ಆದರೆ ಯಾವ ಲಿಫ್ಟು ಮನುಷ್ಯನಿಗೆ ತಪ್ಪಿಸಿಕೊಳ್ಳಬೇಡಿ ಅನ್ನುತ್ತದೆ?

ಮಾರ್ಚ್ 13, ಗುರುವಾರ

ಇವತ್ತು ಗಂಡನಿಗೊಂದು ಪರೀಕ್ಷೆ ಇಟ್ಟೆ. ಪಿಕಪ್ಪಿಗೆ ಅಂತ ಹೇಳಿದೆ, ಪಿಕಪ್ಪಿಗಲ್ಲ.

"ಗೋಡೆ ಕಡೆ ತಿರುಗಿ ಕೂತ್ಕೊ. ನೋಡ್ಬಾರ್ದು. ಎರಡು ಪಿಕಪ್ಪಲ್ಲೂ ನುಡಿಸ್ತೀನಿ, ಯಾವ್ದು ಒಳ್ಳೇದು ಹೇಳು."

"ಎದುರಿಗೇ ನುಡಿಸ್ಬಾರ್ದಾ?"

"ಎದುರಿಗಿದ್ರೆ ನೀನು ಕಿವಿಯಿಂದ ಅಲ್ಲ, ಕಣ್ಣಿಂದ ಹೇಳ್ತೀಯ."

ಒಲ್ಲದ ಮನಸ್ಸಿನಿಂದ ತಿರುಗಿ ಕೂತ. ಆಂಪ್ಲಿಫೈಯರನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಬೆನ್ನ ಮೇಲೆ ಅಂಗೈ ಇಟ್ಟ, ಲಿಫ್ಟ್ ಬಾಗಿಲಿಗೆ ಇಡುವ ಹಾಗೆ. ಮೊದಲು ತೆಳು ತಂತಿಯ ಮೇಲೆ ಸಣ್ಣಗೆ ಒಂದು ಸಾಲು ನುಡಿಸಿದೆ. ಮುಗಿಸಿದ ಮೇಲೆ, "ಇನ್ನೂ ಶುರು ಮಾಡಿಲ್ವಾ?" ಅಂದ. ತಮಾಷೆ. ನನಗೆ ನಗು ಬರಲಿಲ್ಲ. ಆಮೇಲೆ ಪೂರ್ತಿ ಹಾಡು ನುಡಿಸಿದೆ. "ಚೆನ್ನಾಗಿದೆ." ಪಿಕಪ್ ಬದಲಾಯಿಸುವ ಸದ್ದು ಮಾಡಿದೆ, ಆದರೆ ಏನನ್ನೂ ಬದಲಾಯಿಸಲಿಲ್ಲ. ಈ ಸಲ ಎದ್ದು ನಿಂತು ಅದೇ ಪಟ್ಟಿಯಲ್ಲಿ ಅದೇ ಹಾಡು ನುಡಿಸಿದೆ.

ಅವನು ಅಂಗೈ ಒತ್ತಿ ಹಿಡಿದು, "ಇದು ಬೇಡ," ಅಂದ. "ಇದ್ರಲ್ಲಿ ಒಳಗೆ ಏನೋ ಸಡಿಲ ಇದೆ. ನಡುಗ್ತಿದೆ."

ಸಿಕ್ಕಿಬಿದ್ದ. ಒಂದೇ ಪಿಕಪ್, ಒಂದೇ ಹಾಡು, ಅದರಲ್ಲಿ ಒಂದು ಚೆನ್ನಾಗಿದೆಯಂತೆ, ಇನ್ನೊಂದರಲ್ಲಿ ನಡುಕವಂತೆ. ಇಷ್ಟು ಸಣ್ಣದಕ್ಕೆ ಇಷ್ಟು ಸಲೀಸಾಗಿ ಕಟ್ಟುಕಥೆ ಹೇಳುವವನು ದೊಡ್ಡದಕ್ಕೆ ಏನೇನು ಹೇಳಬಹುದು.

ಅವನಿಗೆ ಹೇಳಲಿಲ್ಲ. "ಥ್ಯಾಂಕ್ಸ್" ಅಂದೆ.

ಮಾರ್ಚ್ 15, ಶನಿವಾರ

ಅತ್ತೆ ಫೋನ್ ಮಾಡಿದ್ದರು. ಮಾತಿಗೆ ಮಾತು ಬಂದು, ನಾನು ಅಡುಗೆಮನೆಯಿಂದ ಕೂಗಿದರೆ ನಿಮ್ಮ ಮಗ ಓ ಅನ್ನುವುದೇ ಇಲ್ಲ ಅಂದೆ, ನಗುತ್ತಲೇ.

"ಅವ್ನು ಚಿಕ್ಕಂದಿನಿಂದ್ಲೂ ಹಾಗೇ ಕಣಮ್ಮ. ಏನಾದ್ರೂ ಹೇಳ್ಬೇಕಿದ್ರೆ ಎದುರಿಗೆ ನಿಂತು ಹೇಳು. ಮನಸ್ಸಿಗೆ ಹಚ್ಕೋಬೇಡ."

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂದರೆ ಹಚ್ಚಿಕೊಳ್ಳುವಂಥದ್ದು ಏನೋ ಇದೆ, ಮತ್ತು ಅದು ಅವರಿಗೂ ಗೊತ್ತು.

ಕೂತು ಯೋಚಿಸಿದರೆ ಒಂದೊಂದೇ ಹೊರಗೆ ಬರುತ್ತಿದೆ. ಫೋನಿನಲ್ಲಿ ಮಾತಾಡುವುದೇ ಇಲ್ಲ, ಎಲ್ಲವೂ ಮೆಸೇಜು. ಯಾರಿಗೂ ಕೇಳಿಸಬಾರದು ಅಂತ ತಾನೆ? ಕುಕ್ಕರಿನ ಪಕ್ಕ ಇಟ್ಟ ಕೆಟಲ್ ಸೀಟಿ ಹೊಡೆದು ಹೊಡೆದು ಒಣಗಿದರೂ ಏಳುವುದಿಲ್ಲ. ಯಾವ ಲೋಕದಲ್ಲಿರುತ್ತಾನೆ? ನನ್ನ ಕಾರ್ಯಕ್ರಮಕ್ಕೆ ಬಂದಾಗಲೆಲ್ಲ ಕೊನೇ ಸಾಲು. ನಾನು ಮುಂದೆ ಜಾಗ ಹಿಡಿದಿಟ್ಟರೂ ಕೊನೇ ಸಾಲು. ಎದ್ದು ಹೋಗಲು ಅನುಕೂಲ ಅಂತ ಇರಬೇಕು.

ಅಭ್ಯಾಸದಲ್ಲಿ ಎರಡು ಕಡೆ ತಪ್ಪಿದೆ. ಪಿಟೀಲಕ್ಕ ಕಮಾನನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಪಿಕಪ್ ಸರಿಯಾಯ್ತು. ಈಗ ಏನು ಕೆಟ್ಟಿದೆ?"

ಮಾರ್ಚ್ 18, ಮಂಗಳವಾರ

ಹೋದೆ. ಹಿಂದೆ ಹಿಂದೆಯೇ ಹೋದೆ.

ನಾಲ್ಕು ಗಂಟೆಗೆ ಅವನ ಆಫೀಸಿನ ಎದುರಿನ ಔಷಧಿ ಅಂಗಡಿಯಲ್ಲಿ ನಿಂತು ಬೇಡದ ಶಾಂಪೂ ಕೊಂಡೆ. ಅವನು ಹೊರಗೆ ಬಂದು ಎರಡು ಬೀದಿ ನಡೆದು ಒಂದು ಹಳೇ ಕಟ್ಟಡದೊಳಗೆ ಹೋದ. ಲಿಫ್ಟ್ ಇತ್ತು. ಅವನು ಮೆಟ್ಟಿಲು ಹತ್ತಿದ. ನಾನೂ ಹತ್ತಿದೆ, ಒಂದು ಮಹಡಿ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಮೂರನೇ ಮಹಡಿಯಲ್ಲಿ ಒಂದೇ ಬಾಗಿಲು. ಶ್ರವಣ ಪರೀಕ್ಷಾ ಕೇಂದ್ರ.

ಒಳಗೆ ಕಾಯುವವರ ಕುರ್ಚಿಯಲ್ಲಿ ಕೂತೆ. ಅರ್ಧ ತೆರೆದ ಬಾಗಿಲಿನಾಚೆ ಪರೀಕ್ಷೆ ಮಾಡುವ ಹುಡುಗಿಯ ಬೆನ್ನು, ಅವಳ ಮುಂದೆ ಗುಂಡಿಗಳ ಹಲಗೆ, ಅದರಾಚೆ ಗಾಜಿನ ಪೆಟ್ಟಿಗೆಯಂಥ ಕೋಣೆ. ಅದರೊಳಗೆ ನನ್ನ ಗಂಡ, ನಮಗೆ ಪಕ್ಕವಾಗಿ ತಿರುಗಿ, ತಲೆಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು, ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಹುಡುಗಿ ಗುಂಡಿ ಒತ್ತಿದಾಗ ಹಲಗೆಯ ಮೇಲೆ ಹಸಿರು ದೀಪ ಬೆಳಗುತ್ತಿತ್ತು. ಕೇಳಿಸಿದರೆ ಅವನು ಬೆರಳು ಎತ್ತಬೇಕು.

ಮೊದಲು ಎತ್ತುತ್ತಿದ್ದ. ಆಮೇಲೆ ದೀಪ ಬೆಳಗಿತು, ಬೆರಳು ಏಳಲಿಲ್ಲ. ಮತ್ತೆ ಬೆಳಗಿತು. ಮತ್ತೆ. ಆಗ ನೋಡಿದೆ, ಅವನು ಗಾಜಿನಲ್ಲಿ ಅವಳ ಭುಜದ ನೆರಳನ್ನು ಓರೆಗಣ್ಣಿನಿಂದ ಗಮನಿಸುತ್ತಿದ್ದ. ಭುಜ ಅಲ್ಲಾಡಿದರೆ ಬೆರಳು ಎತ್ತುತ್ತಿದ್ದ. ಅವಳಿಗೂ ಗೊತ್ತಾಯಿತು. ಸುಮ್ಮನೆ ಭುಜ ಅಲ್ಲಾಡಿಸಿದಳು, ದೀಪ ಬೆಳಗಲಿಲ್ಲ. ಅವನು ಬೆರಳು ಎತ್ತಿದ.

ಅವಳು ಮೈಕಿನಲ್ಲಿ ಮೆಲ್ಲಗೆ, "ಕೇಳಿಸಿದಾಗ ಮಾತ್ರ ಎತ್ತಿ ಸರ್," ಅಂದಳು.

ನಾನು ಎದ್ದು ಬಂದೆ.

ಮಾರ್ಚ್ 19, ಬುಧವಾರ

ಅವನು ಹೇಳಲಿಲ್ಲ. "ಲಿಫ್ಟ್ ಹೇಗಿತ್ತು?" ಅಂದೆ. "ಪರವಾಗಿಲ್ಲ, ಇನ್ನೂ ಸ್ವಲ್ಪ ದಿನ ಓಡುತ್ತೆ" ಅಂದ.

ಸಮಾಧಾನ ಆಗಬೇಕಿತ್ತು. ಬೇರೆ ಯಾರೂ ಇಲ್ಲ. ಆದರೆ ಈಗ ಇನ್ನೊಂದು ಶುರುವಾಗಿದೆ. ನಾವು ಭೇಟಿಯಾದದ್ದೇ ನನ್ನ ಒಂದು ಕಾರ್ಯಕ್ರಮದಲ್ಲಿ. ಎಲ್ಲ ಮುಗಿದ ಮೇಲೆ ಹಿಂದಿನಿಂದ ನಡೆದು ಬಂದು, "ನಿಮ್ಮ ಆ ಕೊನೇ ಸ್ವರ ಹಿಂದಿನ ಬೆಂಚಿನವರೆಗೂ ಬಂತು" ಅಂದಿದ್ದ. ಆ ಒಂದು ಮಾತನ್ನು ನಾನು ಅಮ್ಮನಿಗೆ, ಗೆಳತಿಯರಿಗೆ, ಕನ್ನಡಿಗೆ ಎಷ್ಟು ಸಲ ಹೇಳಿದ್ದೇನೋ. ಅದು ತೆಳು ತಂತಿಯ ಸ್ವರ. ಅವನಿಗೆ ಕೇಳಿಸುವ ಸ್ವರವಲ್ಲ, ಆವತ್ತು "ಇನ್ನೂ ಶುರು ಮಾಡಿಲ್ವಾ" ಅಂದದ್ದೂ ತಮಾಷೆಯಲ್ಲ. ಹಾಗಾದರೆ ಅವನು ಮೆಚ್ಚಿದ್ದು ಏನನ್ನು? ಎರಡು ತಿಂಗಳಿಂದ "ಚೆನ್ನಾಗಿದೆ, ಚೆನ್ನಾಗಿದೆ" ಅಂದಿದ್ದೆಲ್ಲ ಯಾವುದಕ್ಕೆ?

ನಾನು ಕೇಳಬಹುದು. ಕೇಳಿದರೆ ಚೆನ್ನಾಗಿ ಕೇಳಿಸುತ್ತೆ ಅನ್ನುತ್ತಾನೆ, ನಾನು ಅದನ್ನೂ ನಂಬುವುದಿಲ್ಲ. ಅವನಾಗೇ ಹೇಳಬೇಕು.

ಯಾಕೋ ಕಾಲು ನೋಯುತ್ತಿದೆ. ಅಡುಗೆಮನೆಯಿಂದ ಹಾಲಿಗೆ ಇವತ್ತು ಐವತ್ತು ಸಲ ಓಡಾಡಿರಬೇಕು, ಉಪ್ಪು ಸಾಕಾ, ನೀರು ಬೇಕಾ ಅಂತ ಎದುರಿಗೆ ಹೋಗಿ ಕೇಳುತ್ತಾ.

ಮಾರ್ಚ್ 22, ಶನಿವಾರ

ಪಟ್ಟಿ ಕಿರುಗುಟ್ಟುತ್ತದೆ ಅಂತ ದೂರು ಹೇಳಲು ಹೋಗಿದ್ದೆ. ಮೇಸ್ತ್ರಿ ನನ್ನನ್ನು ನಿಲ್ಲಿಸಿ ನುಡಿಸಲು ಹೇಳಿದ, ಕೂರಿಸಿ ನುಡಿಸಲು ಹೇಳಿದ. ಹಲ್ಲಿನ ಡಾಕ್ಟರ ಕನ್ನಡಿಯಂಥದ್ದನ್ನು ಗಿಟಾರಿನ ಹೊಟ್ಟೆಯೊಳಗೆ ತೂರಿಸಿ ಬಹಳ ಹೊತ್ತು ನೋಡಿದ.

"ಒಳಗೆ ಮರಕ್ಕೆ ಆಸರೆ ಕೊಡೋ ಒಂದು ಪಟ್ಟೆಯ ತುದಿ ಅಂಟು ಬಿಟ್ಟಿದೆ. ಬೆರಳಗಲ. ಕೂತು ನುಡಿಸಿದ್ರೆ ನಿಮ್ಮ ತೋಳು ಅದನ್ನ ಅದುಮಿ ಹಿಡಿಯುತ್ತೆ, ನಿಂತ್ರೆ ನಡುಗುತ್ತೆ. ನನ್ನ ಕಣ್ಣಿಗೂ ತಪ್ಪಿಸಿಕೊಂಡಿತ್ತು ನೋಡಿ. ಇದು ಕಿವಿಗೆ ಸಿಗೋ ನಡುಕ ಅಲ್ಲ. ನಿಮ್ಮ ಮನೇಲಿ ಯಾರಾದ್ರೂ ಏನಾದ್ರೂ ಅಂದಿದ್ರಾ?"

"ನನ್ನ ಗಂಡ. ಒಳಗೆ ಏನೋ ಸಡಿಲ ಇದೆ ಅಂದಿದ್ದ."

"ಅ​ವರನ್ನ ಒಂದ್ಸಲ ಕರ್ಕೊಂಡು ಬನ್ನಿ. ನನಗೆ ಅಂಥವರು ಬೇಕು."

ಅಂಟು ಹಾಕಿ ಇಕ್ಕಳ ಬಿಗಿದು ಸೋಮವಾರದವರೆಗೆ ಇಟ್ಟುಕೊಂಡ. ನಾನು ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಕೂತು ನುಡಿಸಿದ್ದು ಒಂದು, ನಿಂತು ನುಡಿಸಿದ್ದು ಇನ್ನೊಂದು. ನಾನು ಬಲೆ ಒಡ್ಡಿದ ದಿನವೇ ಅವನು ನಿಜ ಹೇಳಿದ್ದ.

ಮಾರ್ಚ್ 25, ಮಂಗಳವಾರ

ಗಿಟಾರ್ ಬಂತು. ನಾಳೆ ಹೋಟೆಲ್.

"ನಾಳೆ ಮುಂದಿನ ಸಾಲಲ್ಲಿ ಕೂತ್ಕೊ," ಅಂದೆ, ಎದುರಿಗೆ ನಿಂತು.

"ಹಿಂದೇನೇ ಸರಿ ನನಗೆ."

"ನನಗೋಸ್ಕರ."

ಹೂಂ ಅಂದ. ಹತ್ತಿರದಿಂದ ಚೆನ್ನಾಗಿ ಕೇಳಿಸುತ್ತದೆ. ಇಷ್ಟನ್ನಾದರೂ ನಾನು ಮಾಡಬಹುದಲ್ಲ, ಅವನ ಬಾಯಿ ಬಿಡಿಸದೆ.

ಮಾರ್ಚ್ 27, ಗುರುವಾರ

ನಿನ್ನೆ ಬರೆಯಲಾಗಲಿಲ್ಲ.

ಲಾಬಿಯಲ್ಲಿ ನಲವತ್ತು ಕುರ್ಚಿ. ಮ್ಯಾನೇಜರ್ ಬದಿಯಲ್ಲಿ ನಿಂತಿದ್ದರು, ಕೈ ಕಟ್ಟಿಕೊಂಡು. ಅವನು ಮುಂದಿನ ಸಾಲಿನ ನಡುವೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪರೀಕ್ಷೆಗೆ ಕೂತವನ ಹಾಗೆ. ಮೂರು ಹಾಡು ಚೆನ್ನಾಗಿ ಹೋದವು. ನಾಲ್ಕನೆಯದರ ಕೊನೆಯಲ್ಲಿ ಗಡ್ಡ ನಿಲ್ಲಿಸುತ್ತಾನೆ, ಪಿಟೀಲು ನಿಲ್ಲುತ್ತದೆ, ಆಮೇಲೆ ನನ್ನ ತೆಳು ತಂತಿಯ ಮೇಲೆ ನಾಲ್ಕೇ ನಾಲ್ಕು ಸ್ವರ, ಗಾಜಿಗೆ ಉಗುರು ತಾಗಿದಷ್ಟು ಮೆತ್ತಗೆ. ಪಿಟೀಲಕ್ಕ ಈ ನಾಲ್ಕು ಸ್ವರಕ್ಕಾಗಿ ಒಂದು ತಿಂಗಳು ನನ್ನ ಬೆವರಿಳಿಸಿದ್ದಾಳೆ.

ಮೊದಲನೆಯದು ನುಡಿಸಿದೆ. ಅವನು ಚಪ್ಪಾಳೆ ತಟ್ಟಿದ.

ನಿಶ್ಶಬ್ದದಲ್ಲಿ ಒಬ್ಬನೇ, ಎರಡು ಕೈ ಎತ್ತಿ, ಮುಖ ತುಂಬ ಖುಷಿಯಿಂದ. ಮುಂದಿನ ಸಾಲಿನವನು ತಟ್ಟಿದ ಅಂತ ಹಿಂದಿನವರೂ ತಟ್ಟಿದರು. ಉಳಿದ ಮೂರು ಸ್ವರ ನಾನು ನುಡಿಸಿದೆ, ನನಗೂ ಕೇಳಿಸಲಿಲ್ಲ. ಅವನು ನನ್ನ ಬೆರಳು ಇನ್ನೂ ಆಡುತ್ತಿರುವುದನ್ನು ಕಂಡ. ಕೈಗಳು ಗಾಳಿಯಲ್ಲೇ ನಿಂತವು.

ಮ್ಯಾನೇಜರ್ ಸದ್ಯಕ್ಕೆ ಒಂದು ತಿಂಗಳು ನೋಡೋಣ ಅಂದರು, ಗಿಟಾರ್ ಸ್ವಲ್ಪ ಕಿರುಚುತ್ತೆ, ಸರಿಮಾಡ್ಕೊಳ್ಳಿ ಅಂದರು. ಪಿಟೀಲಕ್ಕ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮೆಜಮಾನ್ರಿಗೆ ಅಷ್ಟು ಅವಸರ ಏನಿತ್ತು?" ಅಂದಳು. ನಾನು ಗಿಟಾರಿನ ವೈರ್ ಸುತ್ತತೊಡಗಿದೆ.

ಕಾರಿನಲ್ಲಿ ಕೂತು ಕೀಲಿ ಹಾಕಿದ, ತಿರುಗಿಸಲಿಲ್ಲ.

"ಮುಗ್ದಿರ್ಲಿಲ್ವಾ?" ಅಂದ.

ಮುಗಿದಿತ್ತು ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವನು ನಂಬುತ್ತಿದ್ದ.

"ಇಲ್ಲ. ಇನ್ನೂ ಮೂರು ಸ್ವರ ಇತ್ತು."

"ಜೋರಾಗಿತ್ತಾ?"

"ಮೆತ್ತಗೆ. ಆದ್ರೆ ಇತ್ತು."

ಸ್ಟೀರಿಂಗ್ ಮೇಲೆ ಎರಡು ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕೂತ. ಆಮೇಲೆ ನನ್ನ ಕಡೆ ತಿರುಗಿದ. "ನನಗೆ ಕೇಳ್ಸಲಿಲ್ಲ."

ಆಮೇಲೆ ಒಂದೊಂದೇ ಹೇಳಿದ. ಹುಟ್ಟಿನಿಂದಲೇ ಸ್ವಲ್ಪ ಕಡಿಮೆ, ಲಿಫ್ಟಿನ ಯಂತ್ರದ ಕೋಣೆಗಳಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ಇನ್ನೂ ಕಡಿಮೆ. ಕೆಟಲ್ ಸೀಟಿ ಇಲ್ಲ. ಹಕ್ಕಿ ಇಲ್ಲ. ಫೋನಿನಲ್ಲಿ ಅರ್ಧ ಮಾತು ಇಲ್ಲ. ಎಡಗಿವಿ ಹೆಸರಿಗೆ ಮಾತ್ರ. "ನಿನ್ನ ನಗು ಕೇಳ್ಸುತ್ತೆ, ಅದು ಶುರುವಾಗೋದು ಕೇಳ್ಸಲ್ಲ. ಮುಖ ನೋಡ್ಕೊಂಡಿದ್ರೆ ಗೊತ್ತಾಗುತ್ತೆ."

"ಯಾಕೆ ಹೇಳ್ಲಿಲ್ಲ?"

"ನೀನು ನುಡಿಸೋಳು. ಕಿವಿ ಇಲ್ದವನನ್ನ ಕಟ್ಕೊಂಡೆ ಅಂತ ನಿನಗೆ ಅನ್ಸಿದ್ರೆ?"

"ಮೂರನೇ ಮಹಡಿ ಅಂದ್ರೆ ಯಾವಳೋ ಅಂತ ನನಗೆ ಅನ್ಸಿತ್ತು."

ಅವನು ನಗಲು ಹೋಗಿ ನಿಲ್ಲಿಸಿದ. ಆಗ ನಾನೂ ಎಲ್ಲ ಹೇಳಬೇಕಾಯಿತು. ಮೆಸೇಜು, ಶಾಂಪೂ, ಚಪ್ಪಲಿ ಕೈಯಲ್ಲಿ ಹಿಡಿದದ್ದು, ಹಸಿರು ದೀಪ, ಒಂದೇ ಪಿಕಪ್ಪನ್ನು ಎರಡು ಸಲ ನುಡಿಸಿದ್ದು. ಹೇಳುತ್ತಾ ಹೋದ ಹಾಗೆ ಅವನ ಮುಖ ಮುಚ್ಚಿಕೊಳ್ಳುತ್ತಾ ಹೋಯಿತು.

"ಎಂಟು ದಿನದಿಂದ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಮುಂದಿನ ಸಾಲಲ್ಲಿ ಕೂರಿಸ್ದೆ."

"ಹತ್ರ ಇದ್ರೆ ಕೇಳ್ಸುತ್ತೆ ಅನ್ಕೊಂಡೆ."

"ಹಿಂದೆ ಕೂತ್ರೆ ಜನರ ಬೆನ್ನು ಕಾಣುತ್ತೆ ಕಣೇ. ಅವರು ಅಲ್ಲಾಡ್ದೆ ಕೂತಿದ್ರೆ ಹಾಡು ಇನ್ನೂ ಇದೆ ಅಂತ ಅರ್ಥ. ಮುಂದೆ ಕೂತ್ರೆ ನಾನು ಯಾರನ್ನ ನೋಡ್ಲಿ?"

ಕೊನೆಗೆ ಕೇಳಿದೆ, "ಹಾಗಾದ್ರೆ ಆವತ್ತು? ನಾವು ಮೊದಲು ಸಿಕ್ಕಿದ ದಿನ, ಕೊನೇ ಸ್ವರ ಹಿಂದಿನ ಬೆಂಚಿನವರೆಗೂ ಬಂತು ಅಂದ್ಯಲ್ಲ."

"ಬಂತು. ಹಿಂದಿನ ಬೆಂಚಲ್ಲಿ ಎಲ್ಲರೂ ಉಸಿರು ಹಿಡ್ಕೊಂಡಿದ್ರು. ನಾನು ಅದನ್ನ ನೋಡ್ದೆ."

ಕಾರು ಶುರು ಮಾಡಿದ. ಇವತ್ತು ಬೆಳಗ್ಗೆ ನನಗಿಂತ ಮೊದಲೇ ಆಫೀಸಿಗೆ ಹೋದ, ಹೇಳಿ ಹೋಗಲಿಲ್ಲ. ಸಂಜೆ ಬಂದು, ಎದುರಿಗೆ ನಿಂತು, "ಇನ್ಮೇಲೆ ನನ್ನ ಹಿಂದೆ ಬರ್ಬೇಡ. ಜೊತೇಲಿ ಬಾ," ಅಂದ. ಸಿಟ್ಟು ಇನ್ನೂ ಇತ್ತು. ನಾನು ಸರಿ ಅಂದೆ.

ಮಾರ್ಚ್ 29, ಶನಿವಾರ

ಇಬ್ಬರೂ ಮೇಸ್ತ್ರಿಯ ಅಂಗಡಿಗೆ ಹೋದೆವು. ಮ್ಯಾನೇಜರ್ ಹೇಳಿದ ಕಿರುಚಾಟಕ್ಕೆ ಇವತ್ತು ಒಂದು ಕೊನೆ ಕಾಣಿಸಬೇಕಿತ್ತು. ಮೇಸ್ತ್ರಿ ಬಿಲ್ಲೆಗಳನ್ನು ತಾತ್ಕಾಲಿಕವಾಗಿ ಅಂಟಿಸಿ, ಮೂರನ್ನೂ ಒಂದಾದ ಮೇಲೊಂದು ಕೇಳೋಣ ಅಂದ.

ನನ್ನ ಗಂಡ ಸ್ಟೂಲ್ ಎಳೆದುಕೊಳ್ಳುತ್ತಾ, ಅಂಗಿಯ ಅಳತೆ ಹೇಳುವ ದನಿಯಲ್ಲಿ, "ಮೇಲಿನ ಸ್ವರ ನನ್ನ ಕೇಳ್ಬೇಡಿ, ನನಗೆ ಕೇಳ್ಸಲ್ಲ," ಅಂದ. ನಾನು ಗಿಟಾರಿನ ಹೆಗಲ ಬೆಲ್ಟು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಮೇಸ್ತ್ರಿ ಭೂತಗನ್ನಡಿ ಕೂಡ ಎತ್ತಲಿಲ್ಲ. "ನನಗೂ ಅರ್ಧ ಹೋಗಿದೆ. ಮೂವತ್ತೈದು ವರ್ಷ ಗರಗಸದ ಪಕ್ಕ ನಿಂತಿದೀನಲ್ಲ. ಯಾವ್ದು ಹಿಡಿಸುತ್ತೆ ಅಂತ ಗಿರಾಕಿಗಳನ್ನ ಕೇಳೋದು ಮರ್ಯಾದೆಗೆ ಅನ್ಕೊಂಡ್ರಾ? ನೀವು ಕೆಳಗಿಂದು ಹೇಳಿ, ಅವರು ಮೇಲಿಂದು ಹೇಳ್ಲಿ."

ಬಿಲ್ಲೆಗೆ ಬಂದಾಗ ನನಗೆ ಗೊತ್ತಾಗಿಬಿಟ್ಟಿತು. ತೆಳು ತಂತಿ ಕೋಣೆಯಲ್ಲಿ ಹೇಗಿರುತ್ತದೋ ಸ್ಪೀಕರಿನಲ್ಲೂ ಹಾಗೇ ಇತ್ತು, ಕಿರುಚಾಟ ಇಲ್ಲ, ಬುಸ್ ಇಲ್ಲ. ನನ್ನ ತೋಳು ಉಜ್ಜುವುದೂ ಕೇಳಿಸುತ್ತಿತ್ತು, ಕೇಳಿಸಲಿ. ಖುಷಿಯಿಂದ ಅವನ ಕಡೆ ತಿರುಗಿದೆ.

"ಚೆನ್ನಾಗಿಲ್ಲ," ಅಂದ.

"ಏನಂದೆ?"

"ಚೆನ್ನಾಗಿಲ್ಲ. ಖಾಲಿ ಡಬ್ಬ ತಟ್ಟಿದ ಹಾಗಿದೆ. ಅಯಸ್ಕಾಂತದ್ದೇ ವಾಸಿ."

"ಅಯಸ್ಕಾಂತದಲ್ಲಿ ಮೇಲಿನ ಸ್ವರಾನೇ ಇಲ್ಲ."

"ನನಗೆ ಹೇಗೂ ಇಲ್ಲ."

ಮೇಸ್ತ್ರಿ ನಕ್ಕ ನಗೆಗೆ ಗೋಡೆಯ ಗಿಟಾರುಗಳ ತಂತಿ ಝುಂ ಅಂದವು. ಇನ್ನೊಮ್ಮೆ ನುಡಿಸಿದೆ. ಇನ್ನೊಮ್ಮೆ ಚೆನ್ನಾಗಿಲ್ಲ ಅಂದ. ನಾನು ಬಿಲ್ಲೆಯನ್ನೇ ಹಾಕಿಸಿದೆ. ಮನೆಗೆ ಬರುವ ದಾರಿ ಪೂರ್ತಿ, ಪ್ರತಿ ಸಿಗ್ನಲ್ಲಿನಲ್ಲೂ ಕಾರು ನಿಂತಾಗ ನನ್ನ ಕಡೆ ತಿರುಗಿ, ಡಬ್ಬ ಯಾಕೆ ಡಬ್ಬ ಅಂತ ವಿವರಿಸಿದ. ನಾನೂ ಬಿಟ್ಟುಕೊಡಲಿಲ್ಲ.

ನಾಳೆಗೆ ಮದುವೆಯಾಗಿ ಹತ್ತು ವಾರ. ಬೆಳಗ್ಗೆ ಅವನು ಕಾಫಿ ಮಾಡಿ ತರುತ್ತಾನೆ, ದಿನಾ ತರುವ ಹಾಗೆ. ಅದನ್ನು ಕುಡಿಯುವುದಕ್ಕಾಗುವುದಿಲ್ಲ, ಮೊದಲ ದಿನದಿಂದಲೂ ಆಗಿಲ್ಲ ಅಂತ ಎದುರಿಗೆ ನಿಂತು ಹೇಳಿಬಿಡುತ್ತೇನೆ.